ಉಗುರಿನ ಪರೀಕ್ಷೆ

ಇವತ್ತು ಡೆನ್ವರ್‌ನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಸ್ಕೀ (ಹಿಮದ ಮೇಲೆ ಜಾರೋಕೆ ಕಾಲಿಗೆ ಕಟ್ಟಿಕೊಳ್ಳುವ ಉದ್ದ ಹಲಗೆ) ನೋಡುತ್ತಾ ಒಂದು ಗಂಟೆ ಕಳೆದೆ.

ಚಂದದ ಚಿತ್ರ ಇದ್ದ ಜೋಡಿಯೊಂದು ಕಣ್ಣಿಗೆ ಬಿತ್ತು. ರೇಟೂ ಕಮ್ಮಿ. ತಿರುಗಿಸಿ ನೋಡಿದೆ. ಬೂಟು ಕೂರುವ ಜಾಗದ ಕೆಳಗೆ, ಅಂಚಿನ ಉಕ್ಕಿನ ಪಟ್ಟಿ, ಅಂದರೆ ಎಡ್ಜ್‌ನಲ್ಲಿ ಕೂದಲೆಳೆಯಂಥ ಬಿರುಕು. ಉಗುರು ಆಡಿಸಿದರೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಸ್ಕೀ ಕಸರತ್ತಿನ ಪಾರ್ಕಿನಲ್ಲಿ ರೇಲ್ ಅನ್ನೋ ಲೋಹದ ಕಂಬಿ ಮೇಲೆ ಅಡ್ಡಡ್ಡ ಜಾರಿದ್ದರ ಗುರುತು ಅದು. ತಳದ ಗೀರಾದರೆ ಪ್ಲಾಸ್ಟಿಕ್ ಕರಗಿಸಿ ತುಂಬಬಹುದು. ಎಡ್ಜ್ ಒಡೆದರೆ ಅಷ್ಟು ಸುಲಭ ಅಲ್ಲ. ನೀರು ಇಳಿದರೆ ಒಳಗಿನ ಮರವೂ ಹಾಳು.

ಪಕ್ಕದಲ್ಲೇ ಬಣ್ಣಗೆಟ್ಟ ಇನ್ನೊಂದು ಜೋಡಿ. ಎರಡೂ ತುದಿ ಮೇಲಕ್ಕೆ ಬಾಗಿವೆ, ಹಿಮ್ಮುಖವಾಗಿ ಜಾರೋಕೂ ಆಗುತ್ತದೆ. ನಡುವಿನ ಅಗಲ 92 ಮಿಲಿಮೀಟರ್. ಎಡ್ಜ್ ದಪ್ಪ, ಒಂದು ಬಿರುಕೂ ಇಲ್ಲ. ಪಾರ್ಕಿಗೂ ಆಯಿತು, ಉಳಿದ ಬೆಟ್ಟಕ್ಕೂ ಆಯಿತು. ಎರಡೆರಡು ಜೋಡಿ ಇಟ್ಟುಕೊಳ್ಳೋಕೆ ನಾವೇನು ರಾಜರಾ?

ಅಮ್ಮ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳುತ್ತಿದ್ದಳು. ಬಣ್ಣ ನೋಡಿ ಯಾವತ್ತೂ ತಂದವಳಲ್ಲ.

ನಾನೂ ಸುಮ್ನೆ ಸ್ಕೀ ತಟ್ಟಿ ಕಿವಿಗೊಟ್ಟೆ. ಏನೂ ಗೊತ್ತಾಗಲಿಲ್ಲ ಬಿಡಿ. ಅಂಗಡಿ ಹುಡುಗ ಮಾತ್ರ ನನ್ನನ್ನೇ ನೋಡುತ್ತಿದ್ದ.

ನಾಳೆ ಬೂಟು ತಗೊಂಡು ಹೋಗಿ ಅದನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಹೊಂದಿಸಿಕೊಂಡು ಬರಬೇಕು.