ಏಳು ದೊಡ್ಡದೋ ಆರು ದೊಡ್ಡದೋ: ಕಾಲೇಜ್ ಫುಟ್‌ಬಾಲ್ ಕೋಚ್‌ಗಳ ಲೆಕ್ಕ

ಶನಿವಾರ ರಾತ್ರಿ ಒಂಬತ್ತೂವರೆಗೆ ಹುಬ್ಬಳ್ಳಿಯಲ್ಲಿ ಊಟ ಮುಗಿಯುವ ಹೊತ್ತಿಗೆ ಅಮೆರಿಕದ ಪೂರ್ವ ಭಾಗದಲ್ಲಿ ಮಧ್ಯಾಹ್ನ ಹನ್ನೆರಡು. ಕಾಲೇಜ್ ಫುಟ್‌ಬಾಲಿನ ಮೊದಲ ಸರದಿ ಆಗ ಶುರು. ಎರಡನೆಯದು ರಾತ್ರಿ ಒಂದಕ್ಕೆ, ಮೂರನೆಯದು ಬೆಳಗಿನ ಐದರ ಸುಮಾರಿಗೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಎಲ್ಲಕ್ಕೂ ಒಂದೊಂದು ತಾಸು ಕೂಡಿಸಿಕೊಳ್ಳಿ. ಇಲ್ಲಿ ಇದನ್ನು ನೋಡುವವರು ಬೆರಳೆಣಿಕೆ ಮಂದಿ, ಆದರೆ ರವಿವಾರ ಸಂಜೆ ಗಿರ್ಮಿಟ್ ಮುಂದೆ ಅಂಥವರು ಇಬ್ಬರು ಕೂತರೂ ಸಾಕು, ಅತಿ ದೊಡ್ಡ ಕೋಚ್ ಯಾರೆಂಬ ಅದೇ ಹಳೇ ಜಗಳ: "ಸೇಬನ್ ಏಳು ಸಲ ಗೆದ್ದಾನ, ಬ್ರಯಂಟ್ ಆರು. ಮುಗೀತಲ್ಲ, ಇನ್ನೇನ್ ಮಾತಾಡೂದೈತಿ?"

ಮಾತಾಡೂದು ಭಾಳ ಐತಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಮ್ಮ ಕಾಲ್ಚೆಂಡಲ್ಲ. ಎರಡೂ ತುದಿ ಚೂಪಾದ ಚೆಂಡು, ಒಂದೊಂದು ಕಡೆ 11 ಜನ, ನಾಲ್ಕು ಯತ್ನದೊಳಗೆ 10 ಗಜ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಿನವರಿಗೆ. ಹುಡುಗರು ನಾಲ್ಕು ವರ್ಷ ಆಡಿ ಕಾಲೇಜು ಬಿಟ್ಟು ಹೋಗುತ್ತಾರೆ, ಕೋಚ್ ಉಳಿಯುತ್ತಾರೆ. ಹೀಗಾಗಿ ಅಲ್ಲಿ ಆಟಗಾರನಿಗಿಂತ ಕೋಚ್ ಹೆಸರೇ ಜನರ ಬಾಯಲ್ಲಿ ಹೆಚ್ಚು ದಿನ ನಿಲ್ಲುತ್ತದೆ.

ನಿಕ್ ಸೇಬನ್ 2003ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ತಂಡದೊಂದಿಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದರು. ಆಮೇಲೆ ಅಲಬಾಮಾದಲ್ಲಿ 2009, 2011, 2012, 2015, 2017, 2020. ಬೇರ್ ಬ್ರಯಂಟ್ ಅದೇ ಅಲಬಾಮಾದಲ್ಲಿ 1961, 1964, 1965, 1973, 1978, 1979. ಎರಡೂ ಸಾಲನ್ನು ಒಂದೇ ತಕ್ಕಡಿಗೆ ಹಾಕುವುದರಲ್ಲೇ ಮೊದಲ ತಪ್ಪು. ಬ್ರಯಂಟ್ ಕಾಲದಲ್ಲಿ ಫೈನಲ್ ಪಂದ್ಯ ಎಂಬುದೇ ಇರಲಿಲ್ಲ. ಚಾಂಪಿಯನ್ ಯಾರೆಂದು ಮತ ಹಾಕಿ ಹೇಳುತ್ತಿದ್ದರು: ಎಪಿ ಸುದ್ದಿಸಂಸ್ಥೆಯ ಪಟ್ಟಿಗೆ ಪತ್ರಕರ್ತರ ಮತ, ಯುಪಿಐ ಎಂಬ ಇನ್ನೊಂದು ಸುದ್ದಿಸಂಸ್ಥೆಯ ಪಟ್ಟಿಗೆ ಕೋಚ್‌ಗಳ ಮತ. ಅದೂ ಬಹುಕಾಲ ಹೊಸ ವರ್ಷದ ಬೌಲ್ ಪಂದ್ಯಗಳು (ಸೀಸನ್ ಮುಗಿದ ಮೇಲೆ ಆಯ್ದ ತಂಡಗಳ ನಡುವಿನ ವಿಶೇಷ ಪಂದ್ಯಗಳು) ನಡೆಯುವ ಮೊದಲೇ.

ಇದರಿಂದ ಏನೇನು ಆಯಿತು ನೋಡಿ. 1964ರಲ್ಲಿ ಅಲಬಾಮಾಕ್ಕೆ ಮೊದಲ ಸ್ಥಾನ ಕೊಟ್ಟು ಮತದಾನ ಮುಗಿಸಿದರು; ಆಮೇಲೆ ಆರೆಂಜ್ ಬೌಲ್‌ನಲ್ಲಿ ಟೆಕ್ಸಸ್ ಅವರನ್ನು 21-17ರಿಂದ ಸೋಲಿಸಿತು. ಕೊಟ್ಟ ಪ್ರಶಸ್ತಿ ವಾಪಸ್ ಬರಲಿಲ್ಲ. ಮರುವರ್ಷ ಎಪಿ ಪ್ರಯೋಗಕ್ಕೆಂದು ಬೌಲ್ ಪಂದ್ಯಗಳ ನಂತರ ಮತ ಹಾಕಿಸಿತು. ನಾಲ್ಕನೆಯ ಸ್ಥಾನದಲ್ಲಿದ್ದ ಅಲಬಾಮಾ ನೆಬ್ರಾಸ್ಕವನ್ನು 39-28ರಿಂದ ಬಗ್ಗುಬಡಿದು, ಮೇಲಿನವರೆಲ್ಲ ಸೋತು, ಮತ್ತೆ ಚಾಂಪಿಯನ್. ಅಂದರೆ ಎರಡು ವರ್ಷ ಎರಡು ನಿಯಮ, ಎರಡೂ ಬ್ರಯಂಟ್ ಪಾಲಿಗೆ ಬಂದವು. 1973ರಲ್ಲಿ ಯುಪಿಐ ಪ್ರಶಸ್ತಿ ಜೇಬಿಗಿಳಿದ ಮೇಲೆ ಶುಗರ್ ಬೌಲ್‌ನಲ್ಲಿ ನಾಟ್ರ ಡೇಮ್ ಎದುರು 24-23 ಸೋಲು. 1978ರಲ್ಲಿ ಎಪಿ ಅಲಬಾಮಾ ಎಂದಿತು, ಯುಪಿಐ ದಕ್ಷಿಣ ಕ್ಯಾಲಿಫೋರ್ನಿಯಾದ ಯುಎಸ್‌ಸಿ ಎಂದಿತು. ಅದೇ ಸೀಸನ್‌ನಲ್ಲಿ ಯುಎಸ್‌ಸಿ ಅಲಬಾಮಾವನ್ನು ಅವರದೇ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ 24-14ರಿಂದ ಸೋಲಿಸಿತ್ತು.

ಸೋತ ಮೇಲೂ ಉಳಿದ ಪ್ರಶಸ್ತಿಗಳನ್ನು ಕಳೆದರೆ ಆರು ನಾಲ್ಕಾಗುತ್ತದೆ. ಹಾಗೆ ಕಳೆಯುವವರು 1966ನ್ನು ಕೂಡಿಸುವುದನ್ನು ಮರೆಯಬಾರದು. ಆ ವರ್ಷ ಅಲಬಾಮಾ 11 ಆಡಿ 11 ಗೆದ್ದರೂ ಮೂರನೆಯ ಸ್ಥಾನಕ್ಕೆ ತಳ್ಳಿದರು. ತಮ್ಮತಮ್ಮಲ್ಲೇ 10-10 ಸಮ ಮಾಡಿಕೊಂಡ ನಾಟ್ರ ಡೇಮ್ ಮತ್ತು ಮಿಷಿಗನ್ ಸ್ಟೇಟ್ ಮೇಲೆ ಕೂತವು. ಸೇಬನ್ ಲೆಕ್ಕವೂ ಪೂರ್ತಿ ಸ್ವಚ್ಛವಲ್ಲ. 2003ರಲ್ಲಿ ಫೈನಲ್ ಗೆದ್ದದ್ದು ಎಲ್‌ಎಸ್‌ಯು, ಎಪಿ ಮತ ಬಿದ್ದದ್ದು ಯುಎಸ್‌ಸಿಗೆ. 2011ರಲ್ಲಿ ಎಲ್‌ಎಸ್‌ಯು ಎದುರು 9-6ರಿಂದ ಸೋತ ಅಲಬಾಮಾಕ್ಕೆ ಅದೇ ತಂಡದ ಮೇಲೆ ಫೈನಲ್ ಆಡುವ ಎರಡನೆಯ ಅವಕಾಶ ಸಿಕ್ಕಿತು, 21-0 ಗೆದ್ದರು. 2017ರಲ್ಲಂತೂ ತಮ್ಮ ಕಾನ್ಫರೆನ್ಸ್‌ನ (ಕಾಲೇಜುಗಳ ಗುಂಪಿನ) ಫೈನಲನ್ನೂ ಆಡದೆ ನಾಲ್ಕು ತಂಡಗಳ ಪ್ಲೇಆಫ್‌ಗೆ ಬಂದು ಗೆದ್ದರು. ಬ್ರಯಂಟ್ ಕಾಲದಲ್ಲಾಗಿದ್ದರೆ ಇವೆರಡೂ ಕೈತಪ್ಪುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಗೆಲುವಿನ ಶೇಕಡಾವಾರು ತೆಗೆಯೋಣ ಎನ್ನುತ್ತಾರೆ. ತೆಗೆಯುವುದು ಸುಲಭ: ಗೆದ್ದದ್ದಕ್ಕೆ ಒಂದು, ಸಮ ಆದದ್ದಕ್ಕೆ ಅರ್ಧ, ಒಟ್ಟು ಪಂದ್ಯಗಳಿಂದ ಭಾಗಿಸಿ. ಕಾಲೇಜ್ ಆಟದ ಮೇಲಿನ ದರ್ಜೆಯಲ್ಲಿ 1996ರವರೆಗೆ ಹೆಚ್ಚುವರಿ ಅವಧಿ ಇರಲಿಲ್ಲವಾದ್ದರಿಂದ ಹಳಬರ ಲೆಕ್ಕದಲ್ಲಿ ಈ ಅರ್ಧ ಬಿಟ್ಟರೆ ಉತ್ತರ ತಪ್ಪುತ್ತದೆ. ಬ್ರಯಂಟ್ 323 ಗೆಲುವು, 85 ಸೋಲು, 17 ಸಮ: 331.5 ಭಾಗಿಸು 425, ಅಂದರೆ 78. ಸೇಬನ್ 292 ಗೆಲುವು, 71 ಸೋಲು, 1 ಸಮ: 80.4. (ಮೈದಾನದಲ್ಲಿ ಗೆದ್ದದ್ದು 297. ಪಠ್ಯಪುಸ್ತಕ ಹಂಚಿಕೆಯ ನಿಯಮ ಮುರಿದರೆಂದು 2007ರ ಐದು ಗೆಲುವು ದಾಖಲೆಯಿಂದ ಹೋದವು. ಜಗಳಕ್ಕೆ ಕೂತಾಗ ಯಾವ ಅಂಕಿ ಬಳಸುತ್ತೀರೆಂದು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅರ್ಧ ತಾಸು ಇದರಲ್ಲೇ ಹೋಗುತ್ತದೆ.) ನಾಟ್ರ ಡೇಮ್‌ನ ನ್ಯೂಟ್ ರಾಕ್ನಿ 105-12-5: 88.1. ಮೌಂಟ್ ಯೂನಿಯನ್ ಎಂಬ ಸಣ್ಣ ಕಾಲೇಜಿನ ಲ್ಯಾರಿ ಕೇರಸ್ 332-24-3: 92.9.

ಕೇರಸ್ ಆಡಿಸಿದ್ದು ಮೂರನೆಯ ದರ್ಜೆಯಲ್ಲಿ, ಅಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲ. ರಾಕ್ನಿ 1931ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ 43 ವರ್ಷ, ಕೋಚ್ ಆಗಿ 13 ಸೀಸನ್ ಅಷ್ಟೇ. ಇಳಿಗಾಲದ ಸೋಲುಗಳನ್ನು ಅವರು ಕಾಣಲೇ ಇಲ್ಲ. ಶೇಕಡಾವಾರಿನ ದೊಡ್ಡ ಮೋಸ ಇದು: ಹೊತ್ತಿಗೆ ಮುಂಚೆ ಎದ್ದು ಹೋದವರು ಚೆನ್ನಾಗಿ ಕಾಣುತ್ತಾರೆ, ಕೊನೆತನಕ ಕೂತವರು ಸಣ್ಣಗಾಗುತ್ತಾರೆ.

ನೆಬ್ರಾಸ್ಕದ ಟಾಮ್ ಆಸ್ಬೋರ್ನ್ ಇದಕ್ಕೆ ತಿರುವುಮುರುವು ಉದಾಹರಣೆ. 25 ಸೀಸನ್, ಒಂದರಲ್ಲೂ ಒಂಬತ್ತಕ್ಕಿಂತ ಕಡಿಮೆ ಗೆಲುವಿಲ್ಲ, ಒಟ್ಟು 255-49-3. ಆದರೆ ಮೊದಲ 21 ವರ್ಷ ಪ್ರಶಸ್ತಿ ಸೊನ್ನೆ. ಅದಕ್ಕೆ ಕಾರಣವಾದ ಒಂದು ನಿರ್ಧಾರವನ್ನು ಬಿಡಿಸಿ ನೋಡಬೇಕು. 1984ರ ಜನವರಿಯ ಆರೆಂಜ್ ಬೌಲ್, ಸೋಲಿಲ್ಲದ ಮೊದಲ ಸ್ಥಾನದ ನೆಬ್ರಾಸ್ಕ, ಎದುರಿಗೆ ಮಯಾಮಿ. ಕೊನೆಯ ನಿಮಿಷದಲ್ಲಿ ಟಚ್‌ಡೌನ್ ಮಾಡಿ, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ, 31-30ಕ್ಕೆ ಬಂದರು. ಟಚ್‌ಡೌನ್ ಆದ ಮೇಲೆ ಇನ್ನೊಂದು ಯತ್ನ ಸಿಗುತ್ತದೆ: ಒದ್ದರೆ ಒಂದು ಅಂಕ, ಮತ್ತೆ ಗೆರೆ ದಾಟಿಸಿದರೆ ಎರಡು. ಚೆಂಡು ಒದ್ದು ಒಂದು ಅಂಕ ತೆಗೆದರೆ 31-31. ಹೆಚ್ಚುವರಿ ಅವಧಿ ಇಲ್ಲ, ಮತ ಹಾಕುವವರು ಸೋಲಿಲ್ಲದ ತಂಡವನ್ನೇ ಮೇಲೆ ಇಡುವುದು ಬಹುತೇಕ ಖಾತ್ರಿ. ಆಸ್ಬೋರ್ನ್ ಎರಡು ಅಂಕದ ಯತ್ನಕ್ಕೆ ಹೋದರು. ಪಾಸ್ ಎದುರಾಳಿಯ ಕೈಗೆ ತಗುಲಿ ಕೆಳಗೆ ಬಿತ್ತು. ಪ್ರಶಸ್ತಿ ಎಣಿಸುವವರಿಗೆ ಇದು ಕೋಚ್ ಮಾಡಿದ ತಪ್ಪು. ಸಮ ಮಾಡಿಕೊಂಡು ಚಾಂಪಿಯನ್ ಎನಿಸಿಕೊಳ್ಳಲು ಒಲ್ಲದ ಕೋಚ್‌ಗೆ ಒಂದು ಅಂಕ ಕಡಿಮೆ ಕೊಡುವ ಮಾಪನವೇ ತಪ್ಪು ಎಂದು ನನ್ನ ವಾದ. ಆಮೇಲೆ 1993ರಿಂದ 1997ರ ಐದು ಸೀಸನ್‌ನಲ್ಲಿ 60 ಗೆಲುವು, 3 ಸೋಲು, ಮೂರು ಪ್ರಶಸ್ತಿ. 13-0 ಮಾಡಿ ಎದ್ದು ಹೋದರು.

ಈಗ ನಿಜವಾದ ಅಳತೆಗೋಲಿಗೆ ಬರೋಣ: ಕೋಚ್ ಕೈಯಲ್ಲಿ ಎಷ್ಟು ಹುಡುಗರನ್ನು ಇಟ್ಟುಕೊಳ್ಳಲು ಬಿಡುತ್ತಿದ್ದರು? ಗರಡಿಮನೆ ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಮಣ್ಣಿನ ಕುಸ್ತಿಯ ಪೈಲ್ವಾನನನ್ನೂ ತೂಕದ ವರ್ಗವಿರುವ ಮ್ಯಾಟಿನ ಪೈಲ್ವಾನನನ್ನೂ ಹೋಲಿಸುವಾಗ ಮೊದಲು ಕೇಳುವುದು ಜೋಡಿ ಹೇಗೆ ಕಟ್ಟಿದರು ಎಂದು. ಕಾಲೇಜ್ ಫುಟ್‌ಬಾಲಿನಲ್ಲಿ ಆ ತೂಕದ ವರ್ಗವೇ ಸ್ಕಾಲರ್‌ಶಿಪ್ ಮಿತಿ. 1973ಕ್ಕೆ ಮೊದಲು ರಾಷ್ಟ್ರಮಟ್ಟದಲ್ಲಿ ಮಿತಿಯೇ ಇರಲಿಲ್ಲ. ಆ ವರ್ಷ 105 ಎಂದರು, 1978ರಲ್ಲಿ 95, 1994ರ ಹೊತ್ತಿಗೆ 85. ಮಿತಿ ಇಲ್ಲದಾಗ ಶ್ರೀಮಂತ ಕಾಲೇಜು ಆಡಿಸುವುದಕ್ಕಷ್ಟೇ ಅಲ್ಲ, ಎದುರಾಳಿಗೆ ಸಿಗದಿರಲಿ ಎಂದೂ ಹುಡುಗರನ್ನು ಕಟ್ಟಿಹಾಕಬಹುದಿತ್ತು. ಬ್ರಯಂಟರ ಮೊದಲ ಮೂರು ಪ್ರಶಸ್ತಿ ಈ ಕಾಲದವು. ಸೇಬನ್ ಗೆದ್ದ ಏಳೂ 85ರ ಒಳಗೆ. 86ನೆಯ ಒಳ್ಳೆಯ ಹುಡುಗ ಎದುರಾಳಿ ತಂಡದಲ್ಲಿದ್ದಾನೆ ಎಂದು ಗೊತ್ತಿದ್ದೇ ಗೆದ್ದದ್ದು.

ಆದರೆ ಬ್ರಯಂಟ್ ಪಾಲಿನ ಒಂದು ತೊಡಕನ್ನೂ ಹೇಳಬೇಕು. 1953ರಿಂದ ಆಟಗಾರರನ್ನು ಬದಲಿಸಲು ಬಿಗಿ ನಿಯಮವಿತ್ತು, ಪೂರ್ತಿ ಸಡಿಲವಾದದ್ದು 1965ರಲ್ಲಿ. ದಾಳಿ ಮಾಡುವವನೇ ರಕ್ಷಣೆಗೂ ನಿಲ್ಲಬೇಕಿತ್ತು. ಬೆಂಚಿನಲ್ಲಿ ನೂರು ಜನ ಕೂತಿದ್ದರೂ ಉಪಯೋಗ ಕಡಿಮೆ. ಆ ನಿಯಮದಲ್ಲಿ ಆಡಿದ 1961ರ ಅಲಬಾಮಾ 11 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು ಒಟ್ಟು 25 ಅಂಕ. ನನ್ನ ದೃಷ್ಟಿಯಲ್ಲಿ ಬ್ರಯಂಟರ ಆರರಲ್ಲಿ ಅಪ್ಪಟ ಇದೇ. ಅಪ್ಪಟ ಎಂದರೂ ಒಂದು ಕಲೆ ಉಂಟು: ಆ ತಂಡದಲ್ಲಿ ಬಿಳಿಯರು ಮಾತ್ರ. ಅಲಬಾಮಾದ ಮುಖ್ಯ ತಂಡದಲ್ಲಿ ಕಪ್ಪು ಹುಡುಗರು ಆಡಿದ್ದು 1971ರಿಂದ.

ಶಿಷ್ಯರ ಲೆಕ್ಕ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಬೈಠಕ್ ಎಷ್ಟು ಎಂದು ಯಾರೂ ಎಣಿಸುವುದಿಲ್ಲ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಎಂದರೆ ಮುಗಿಯಿತು. ಸೇಬನ್ ಬಳಿ ಸಹಾಯಕರಾಗಿದ್ದ ಜಿಂಬೋ ಫಿಶರ್ 2013ರಲ್ಲಿ ಫ್ಲಾರಿಡಾ ಸ್ಟೇಟ್‌ಗೆ, ಕರ್ಬಿ ಸ್ಮಾರ್ಟ್ 2021 ಮತ್ತು 2022ರಲ್ಲಿ ಜಾರ್ಜಿಯಾಕ್ಕೆ ಪ್ರಶಸ್ತಿ ತಂದರು. ಹಳೆಯ ಸಹಾಯಕರ ಎದುರು ಸೇಬನ್ ಸತತ 24 ಗೆದ್ದಿದ್ದರು. 2021ರ ಅಕ್ಟೋಬರ್‌ನಲ್ಲಿ ಅದನ್ನು ಮುರಿದದ್ದೂ ಇದೇ ಫಿಶರ್, ಟೆಕ್ಸಸ್ ಎ ಆಂಡ್ ಎಂ ಕೋಚ್ ಆಗಿ. ಇಲ್ಲಿ ಲೆಕ್ಕ ಉಬ್ಬಿಸುವವರು ಲೇನ್ ಕಿಫಿನ್, ಸ್ಟೀವ್ ಸಾರ್ಕೀಸಿಯನ್ ಹೆಸರನ್ನೂ ಸೇರಿಸುತ್ತಾರೆ. ಇಬ್ಬರೂ ಬೇರೆಡೆ ಮುಖ್ಯ ಕೋಚ್ ಆಗಿ, ಪೆಟ್ಟು ತಿಂದು, ಆಮೇಲೆ ಸೇಬನ್ ಬಳಿ ಬಂದವರು. ಬೇರೆ ಘರಾಣೆಯಲ್ಲಿ ಪಕ್ಕಾ ಆದವರನ್ನು ಗಂಡಾ ಕಟ್ಟಿಸಿಕೊಂಡ ಶಿಷ್ಯರೆನ್ನಬಾರದು. ಅತ್ತ ಬ್ರಯಂಟ್ ಬಳಿ ಕಲಿತವರಲ್ಲಿ ಡ್ಯಾನಿ ಫೋರ್ಡ್ 1981ರಲ್ಲಿ ಕ್ಲೆಮ್ಸನ್‌ಗೆ, ಜೀನ್ ಸ್ಟಾಲಿಂಗ್ಸ್ 1992ರಲ್ಲಿ ಅಲಬಾಮಾಕ್ಕೆ ಗೆದ್ದುಕೊಟ್ಟರು. ಆಸ್ಬೋರ್ನ್ ಎರಡು ಅಂಕಕ್ಕೆ ಹೋಗಿ ಸೋತ ಆ ರಾತ್ರಿ ಮಯಾಮಿ ಕಡೆ ನಿಂತಿದ್ದ ಹೋವರ್ಡ್ ಶ್ನೆಲೆನ್‌ಬರ್ಗರ್ ಕೂಡ ಬ್ರಯಂಟರ ಹಳೇ ಸಹಾಯಕ. ಮೂವರು ಶಿಷ್ಯರು, ಮೂರು ಕಾಲೇಜು, ಮೂರು ಪ್ರಶಸ್ತಿ. 2024ರಲ್ಲಿ ಸೇಬನ್ ಬಿಡುವ ಹೊತ್ತಿಗೆ ಈ ಒಂದು ತಕ್ಕಡಿಯಲ್ಲಿ ಬ್ರಯಂಟ್ ಕಡೆಯೇ ಭಾರವಿತ್ತು.

ಏನೂ ಇಲ್ಲದ ನೆಲದಲ್ಲಿ ಬೆಳೆ ತೆಗೆದವರ ಪಟ್ಟಿ ಬೇರೆಯೇ. ಅದರಲ್ಲಿ ಕ್ಯಾನ್ಸಸ್ ಸ್ಟೇಟ್‌ನ ಬಿಲ್ ಸ್ನೈಡರ್ ಮೇಲೆ. 1989ರಲ್ಲಿ ಅವರು ಬಂದಾಗ ಆ ತಂಡ ಸತತ 27 ಪಂದ್ಯ ಗೆಲುವೇ ಕಂಡಿರಲಿಲ್ಲ. ಬಿಟ್ಟಾಗ ಅವರ ದಾಖಲೆ 215-117-1. ಶೇಕಡಾವಾರು 65ರ ಆಸುಪಾಸು, ಆದ್ದರಿಂದ ಜಗಳದಲ್ಲಿ ಅವರ ಹೆಸರು ಬರುವುದೇ ಇಲ್ಲ. ಎರೆ ಹೊಲದ ಇಳುವರಿಯಲ್ಲಿ ಮಸಾರಿ ಹೊಲವನ್ನು ಅಳೆದರೆ ಹೀಗೇ ಆಗುವುದು.

ಮೇಲಿನ ದರ್ಜೆಯಲ್ಲಿ ಒಬ್ಬರನ್ನೇ ಹೇಳು ಎಂದರೆ ನನ್ನ ಮತ ಸೇಬನ್‌ಗೆ, ಆದರೆ ಏಳಕ್ಕಲ್ಲ, 85ಕ್ಕೆ. 2025ರಿಂದ ಆ 85 ಹೋಗಿ ತಂಡಕ್ಕೇ 105ರ ಮಿತಿ ಬಂದಿದೆ. 2021ರಿಂದ ಹುಡುಗರು ಹೆಸರು ಮಾರಿ ಹಣ ಮಾಡಬಹುದು, ಕಾಲೇಜು ಬದಲಿಸಿ ಕೂಡಲೇ ಆಡಲೂಬಹುದು. 2024ರ ಜನವರಿಯಲ್ಲಿ ಸೇಬನ್ ಬಿಟ್ಟ ಮೇಲಿನ ಕೋಚ್‌ಗಳಿಗೆ ಮತ್ತೆ ಹೊಸ ತಕ್ಕಡಿ ಬೇಕು.

ಮೇಲಿನ ದರ್ಜೆ ಎಂಬ ಬೇಲಿ ತೆಗೆದರೆ ನಾನು ಬೇರೆ ಹೆಸರು ಹೇಳುತ್ತೇನೆ. ಲೂಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿನ, ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಎಡ್ಡಿ ರಾಬಿನ್ಸನ್ 1941ರಲ್ಲಿ ಬಂದರು. ಸಂಬಳದ ಸಹಾಯಕರಿಲ್ಲ; ಮೈದಾನದ ಹುಲ್ಲು ಕತ್ತರಿಸುವುದೂ ಅವರೇ, ಪಂದ್ಯದ ವರದಿ ಬರೆದು ಪತ್ರಿಕೆಗೆ ಕೊಡುವುದೂ ಅವರೇ. 1997ರವರೆಗೆ ಅದೇ ಕಾಲೇಜು, 408-165-15. ಬ್ರಯಂಟರ 323ನ್ನು ದಾಟಿದ್ದು 1985ರಲ್ಲಿ. ಕೊನೆಯ ಮೂರು ಸೀಸನ್ ಸೋಲೇ ಹೆಚ್ಚು, ಶೇಕಡಾವಾರು 70.7ಕ್ಕೆ ಇಳಿದು ನಿಂತಿತು. ದಕ್ಷಿಣದ ದೊಡ್ಡ ಕಾಲೇಜುಗಳು ಬಹುಕಾಲ ಬಣ್ಣ ನೋಡಿ ಬಾಗಿಲು ಹಾಕಿದ್ದವು; ಗ್ರ್ಯಾಂಬ್ಲಿಂಗ್‌ನ ಹುಡುಗರಲ್ಲಿ 200ಕ್ಕೂ ಹೆಚ್ಚು ಮಂದಿಯನ್ನು ಅವರು ವೃತ್ತಿಪರ ಆಟಕ್ಕೆ ಕಳಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳ ಕೈಗೆ ತಂಬೂರಿ ಕೊಟ್ಟ ಪಂಚಾಕ್ಷರಿ ಗವಾಯಿಗಳನ್ನೂ ಪುಟ್ಟರಾಜರನ್ನೂ ಬಲ್ಲವರಿಗೆ ಇದು ಯಾವ ಜಾತಿಯ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ. ಆ ಹುಡುಗರಲ್ಲೊಬ್ಬ ಡಗ್ ವಿಲಿಯಮ್ಸ್. 1988ರ ಜನವರಿಯಲ್ಲಿ ವೃತ್ತಿಪರ ಆಟದ ಫೈನಲ್ ಆದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ). ಹತ್ತು ವರ್ಷದ ನಂತರ ರಾಬಿನ್ಸನ್ ಬಿಟ್ಟ ಕುರ್ಚಿಗೆ ಬಂದು ಕೂತವನೂ ಅವನೇ.