‘ಬ್ಯಾಕ್ ಇನ್ ಬ್ಲ್ಯಾಕ್’: ಬಿಡುವಿನ ಮೇಲೆ ನಿಂತ ಆಲ್ಬಮ್

ಆಸ್ಟ್ರೇಲಿಯಾದ ಹಾರ್ಡ್ ರಾಕ್ ತಂಡ ಎಸಿ/ಡಿಸಿಯ ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರಬಂದದ್ದು 1980ರ ಜುಲೈನಲ್ಲಿ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, ಅಮೆರಿಕದಲ್ಲಿ ನಾಲ್ಕನೇ ಸ್ಥಾನ ದಾಟಲಿಲ್ಲ. ಅದೇ ಅಮೆರಿಕದಲ್ಲಿ 2019ರಲ್ಲಿ ಅದಕ್ಕೆ 25 ಪಟ್ಟು ಪ್ಲಾಟಿನಂ ಸಿಕ್ಕಿತು. ಎರಡೂವರೆ ಕೋಟಿ ಪ್ರತಿಗಳ ಲೆಕ್ಕ ಅದು. ಬಿಡುಗಡೆಯಾದ ವರ್ಷದ ಗದ್ದಲದಿಂದ ಇಷ್ಟು ಕೂಡುವುದಿಲ್ಲ. ದಶಕಗಟ್ಟಲೆ ಹೊಸ ಹೊಸ ಕೇಳುಗರು ಬರುತ್ತಲೇ ಇದ್ದರೆ ಮಾತ್ರ ಸಾಧ್ಯ.

ಇದಕ್ಕೆ ಎಲ್ಲರೂ ಹೇಳುವ ಕಾರಣ ಒಂದಿದೆ. 1980ರ ಫೆಬ್ರವರಿ 19ರಂದು ಗಾಯಕ ಬಾನ್ ಸ್ಕಾಟ್ ಲಂಡನ್ನಿನಲ್ಲಿ ತೀರಿಕೊಂಡರು. ತಂಡ ಮುಗಿದೇ ಹೋಯಿತು ಅನ್ನುವಷ್ಟರಲ್ಲಿ ಬ್ರಿಯಾನ್ ಜಾನ್ಸನ್ ಬಂದರು, ಐದೇ ತಿಂಗಳಲ್ಲಿ ಆಲ್ಬಮ್ ಅಂಗಡಿಯಲ್ಲಿತ್ತು, ಹೊದಿಕೆ ಶೋಕಸೂಚಕವಾಗಿ ಪೂರ್ತಿ ಕಪ್ಪು. ಕಥೆ ನಿಜ, ಮನಸ್ಸು ಕಲಕುವಂಥದ್ದೂ ಹೌದು. ಆದರೆ ಬಾನ್ ಸ್ಕಾಟ್ ಹೆಸರನ್ನೇ ಕೇಳದ ಹುಡುಗ ಹುಡುಗಿಯರೂ ಶೀರ್ಷಿಕೆ ಹಾಡಿನ ಮೊದಲ ಎರಡು ಸಾಲಿಗೇ ತಲೆ ಆಡಿಸುತ್ತಾರಲ್ಲ, ಅವರಿಗೆ ಈ ಕಥೆಯ ಹಂಗಿಲ್ಲ. ಉತ್ತರ ಸದ್ದಿನಲ್ಲೇ ಇರಬೇಕು. ಇನ್ನೂ ಸರಿಯಾಗಿ ಹೇಳುವುದಾದರೆ, ಸದ್ದು ನಿಲ್ಲುವ ಕಡೆ.

ಶೀರ್ಷಿಕೆ ಹಾಡನ್ನೇ ತೆಗೆದುಕೊಳ್ಳೋಣ. ಮೊದಲು ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ಮೇಲೆ ಎಣಿಕೆ, ಅದರ ಜೊತೆಗೆ ಅಂಗೈಯಿಂದ ಒತ್ತಿಹಿಡಿದ ಗಿಟಾರ್ ತಂತಿಗಳ ಒಣ ಟಿಕ್ ಟಿಕ್. ಆಮೇಲೆ ‘ಇ’ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದೇ ಏಟು. ಬಿಡುವು. ‘ಡಿ’ ಮೂರು ಏಟು. ಮತ್ತೆ ಬಿಡುವು. ‘ಎ’ ಮೂರು ಏಟು. ಆಮೇಲೆ ಮೇಲಿನ ತಂತಿಗಳಲ್ಲಿ ಒಂದು ಪುಟ್ಟ ಇಳಿಜಾರು: ಒಂದನೇ ತಂತಿಯಲ್ಲಿ ಮೂರನೇ ಫ್ರೆಟ್ (ಗಿಟಾರ್ ಕತ್ತಿನ ಅಡ್ಡಪಟ್ಟಿ) ಮತ್ತು ಖಾಲಿ ತಂತಿ, ಎರಡನೇ ತಂತಿಯಲ್ಲೂ ಹಾಗೆಯೇ, ಮೂರನೇ ತಂತಿಯಲ್ಲಿ ಎರಡನೇ ಫ್ರೆಟ್ ಸ್ವಲ್ಪ ಎಳೆದು ಖಾಲಿಗೆ ಬಿಡುವುದು. ಎರಡನೇ ಸುತ್ತಿನಲ್ಲಿ ಇಳಿಜಾರಿನ ಬದಲು ದಪ್ಪ ತಂತಿಗಳಲ್ಲಿ ಅರ್ಧ ಅರ್ಧ ಸ್ವರವಾಗಿ ಮೇಲೇರುವ ನಡೆ. ಗಿಟಾರ್ ಹಿಡಿದು ತಿಂಗಳಾದವರಿಗೂ ಬೆರಳಿಗೆ ನಿಲುಕುವ ಸಾಮಗ್ರಿ ಇಷ್ಟೇ. ವೇಗ ನಿಮಿಷಕ್ಕೆ ಸುಮಾರು 93 ಬೀಟ್, ಹಾರ್ಡ್ ರಾಕ್ ಲೆಕ್ಕದಲ್ಲಿ ನಿಧಾನವೇ.

ಹಾಗಾದರೆ ಊರೂರಿನ ಕವರ್ ಬ್ಯಾಂಡ್‌ಗಳು ಇದನ್ನು ನುಡಿಸಿದಾಗ ಮುಕ್ಕಾಲು ಪಾಲು ಸಪ್ಪೆಯಾಗಿ ಕೇಳುವುದು ಯಾಕೆ? ಬೆರಳು ತಪ್ಪುವುದರಿಂದಲ್ಲ, ಬಿಡುವು ತಪ್ಪುವುದರಿಂದ. ಇದರಲ್ಲಿ ಮೂರು ಬಗೆಯ ಎಡವಟ್ಟುಗಳಿವೆ.

ಮೊದಲನೆಯದು ತಂತಿ ನಿಲ್ಲಿಸುವುದು. ಈ ಕಾರ್ಡ್‌ಗಳೆಲ್ಲ ಗಿಟಾರಿನ ತಲೆಯ ಕಡೆ ಹಿಡಿಯುವ ಓಪನ್ ಕಾರ್ಡ್‌ಗಳು, ಅಂದರೆ ಕೆಲವು ತಂತಿಗಳ ಮೇಲೆ ಬೆರಳೇ ಇರುವುದಿಲ್ಲ. ಒಂದು ಬೆರಳು ಎಲ್ಲ ತಂತಿಗಳ ಮೇಲೂ ಅಡ್ಡ ಮಲಗುವ ಬಾರ್ ಕಾರ್ಡ್ ಆದರೆ ಎಡಗೈ ಸಡಿಲಿಸಿದ ಕೂಡಲೇ ಎಲ್ಲವೂ ಬಾಯಿ ಮುಚ್ಚುತ್ತವೆ. ಓಪನ್ ಕಾರ್ಡಿನಲ್ಲಿ ಬೆರಳೆತ್ತಿದರೆ ಖಾಲಿ ತಂತಿಗಳು ಇನ್ನೂ ಜೋರಾಗಿ ಗುಂಯ್‌ಗುಡುತ್ತವೆ. ಆದ್ದರಿಂದ ಎರಡೂ ಕೈ ಒಟ್ಟಿಗೆ ಕೆಲಸ ಮಾಡಬೇಕು: ಬಲಗೈಯ ಅಂಗೈ ಅಂಚು ಬ್ರಿಜ್ ಪಕ್ಕದಲ್ಲಿ ತಂತಿಗಳ ಮೇಲೆ ಕೂರಬೇಕು, ಅದೇ ಕ್ಷಣ ಎಡಗೈಯಲ್ಲಿ ಕೆಲಸವಿಲ್ಲದ ಬೆರಳು, ಸಾಮಾನ್ಯವಾಗಿ ಕಿರುಬೆರಳು, ತಂತಿಗಳ ಮೇಲೆ ಚಪ್ಪಟೆಯಾಗಿ ಮಲಗಬೇಕು. ಒತ್ತಬಾರದು, ಮುಟ್ಟಿದರೆ ಸಾಕು. ಒತ್ತಿದರೆ ಬೇಡದ ಸ್ವರವೊಂದು ಹುಟ್ಟಿಬಿಡುತ್ತದೆ. ಕಾರ್ಡ್ ಬಾರಿಸುವುದನ್ನು ಪಕ್ಕಕ್ಕಿಟ್ಟು, ನಿಲ್ಲಿಸುವುದನ್ನೇ ಬೇರೆಯಾಗಿ ಅಭ್ಯಾಸ ಮಾಡುವುದು ಒಳ್ಳೆಯದು.

ಎರಡನೆಯದು ಗೇನ್, ಅಂದರೆ ಆಂಪ್ (ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಒಳಗೆ ಸಿಗ್ನಲ್ ಎಷ್ಟು ಏರಿಸುತ್ತೇವೆ ಎಂಬುದು. ಈ ಆಲ್ಬಮ್ ಎಷ್ಟು ‘ಹೆವಿ’ ಅನ್ನಿಸುತ್ತದೆಯೋ ಗಿಟಾರುಗಳಲ್ಲಿ ಡಿಸ್ಟಾರ್ಷನ್ (ಸದ್ದಿನ ಒಡಕು) ಅಷ್ಟು ಕಡಿಮೆ. ಗೇನ್ ಏರಿಸಿದಷ್ಟೂ ಆಂಪ್ ಸದ್ದನ್ನು ಅದುಮುತ್ತದೆ, ಅಂದರೆ ಜೋರಾದ ಏಟಿಗೂ ಅದರ ಬಾಲಕ್ಕೂ ಇರುವ ಅಂತರ ಕುಗ್ಗುತ್ತದೆ. ಆಗ ಕಾರ್ಡ್ ನಿಲ್ಲಿಸಿದ ಮೇಲೂ ಹಿಸ್ ಸದ್ದು, ಬೆರಳು ಉಜ್ಜಿದ ಸದ್ದು ಎಲ್ಲ ಮೇಲೆದ್ದು ಬಂದು ಆ ಬಿಡುವನ್ನು ತುಂಬಿಬಿಡುತ್ತವೆ. ಇನ್ನೊಂದು ತೊಂದರೆಯೂ ಇದೆ. ಡಿಸ್ಟಾರ್ಷನ್ ಹೆಚ್ಚಾದಾಗ ಕಾರ್ಡಿನೊಳಗಿನ ಸ್ವರಗಳು ಒಂದನ್ನೊಂದು ಕೆಡಿಸಿ ಹೊಸ ಕಂಪನಗಳನ್ನು ಹುಟ್ಟಿಸುತ್ತವೆ, ಮೂರು ಸ್ವರಗಳ ಪೂರ್ಣ ಕಾರ್ಡ್ ಕೆಸರಾಗುತ್ತದೆ. ಹೆವಿ ಮೆಟಲ್‌ನವರು ಎರಡೇ ಸ್ವರದ ಪವರ್ ಕಾರ್ಡಿಗೆ ಅಂಟಿಕೊಂಡದ್ದಕ್ಕೆ ದೊಡ್ಡ ಕಾರಣ ಇದೇ. ಎಸಿ/ಡಿಸಿಗೆ ಪೂರ್ಣ ಕಾರ್ಡ್ ಬೇಕಿತ್ತು, ಹಾಗಾಗಿ ಗೇನ್ ಬಿಟ್ಟರು. ಮನೆಯ ಸಣ್ಣ ಆಂಪ್ ಅಥವಾ ಫೋನಿನ ಆ್ಯಪ್‌ನಲ್ಲಿ ಗೇನ್ ಹತ್ತರಲ್ಲಿ ಮೂರೋ ನಾಲ್ಕೋ, ಬಾಸ್ ನಾಲ್ಕು, ಮಿಡ್ ಏಳು, ಟ್ರೆಬಲ್ ಆರು ಇಟ್ಟು ಶುರುಮಾಡಿ. ಪರೀಕ್ಷೆ ಸುಲಭ: ಮೆಲ್ಲಗೆ ಮೀಟಿದರೆ ಸ್ವಚ್ಛವಾಗಿರಬೇಕು, ಬಲವಾಗಿ ಬಾರಿಸಿದಾಗ ಮಾತ್ರ ಒರಟಾಗಬೇಕು. ‘ಇ’ ಕಾರ್ಡಿನ ಆರು ತಂತಿಗಳಲ್ಲಿ ಮೂರನೆಯದನ್ನು ಕಿವಿ ಬೇರೆಯಾಗಿ ಹಿಡಿಯಲಾಗದಿದ್ದರೆ ಗೇನ್ ಇನ್ನೂ ಇಳಿಸಿ.

ಮೂರನೆಯದು ಅವಸರ. ಸದ್ದಿಲ್ಲದ ಕಡೆ ಮನಸ್ಸು ಮುಂದಕ್ಕೆ ಓಡುತ್ತದೆ. ಬಿಡುವು ಕಾಲು ಬೀಟ್ ಕಡಿಮೆಯಾದರೂ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮುಗ್ಗರಿಸುತ್ತದೆ. ಮೆಟ್ರೊನೋಮ್ (ತಾಳದ ಯಂತ್ರ) 70ಕ್ಕೆ ಇಟ್ಟು, ಒಂದು ಬೀಟಿಗೆ ನಾಲ್ಕರಂತೆ ಬಾಯಲ್ಲಿ ಎಣಿಸುತ್ತಾ ನುಡಿಸಬೇಕು, ಬಿಡುವಿನಲ್ಲೂ ಬಾಯಿ ನಿಲ್ಲಬಾರದು. ಅದು ಕುಳಿತ ಮೇಲೆ ಕ್ಲಿಕ್ ಅನ್ನು ಎರಡು ಮತ್ತು ನಾಲ್ಕನೇ ಬೀಟಿಗೆ ಮಾತ್ರ ಬಿಟ್ಟು, ಐದೈದರಂತೆ ಏರಿಸುತ್ತಾ ಹೋಗುವುದು.

ಆ ಎರಡು ಮತ್ತು ನಾಲ್ಕು ಡ್ರಮ್ಮರ್ ಫಿಲ್ ರಡ್ ಅವರ ಜಾಗ. ಅವರ ಡ್ರಮ್ಸ್ ಬರೆದಿಟ್ಟರೆ ಕಾಗದದ ಮೇಲೆ ಏನೂ ಇಲ್ಲ: ಒಂದು ಮೂರಕ್ಕೆ ಕಿಕ್ (ಕಾಲಿಂದ ಬಾರಿಸುವ ದೊಡ್ಡ ಡ್ರಮ್), ಎರಡು ನಾಲ್ಕಕ್ಕೆ ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್), ಮೇಲೆ ಹೈ-ಹ್ಯಾಟ್, ಅಲ್ಲಲ್ಲಿ ಚೂರು ಬದಲು. ನಡುನಡುವೆ ತುಂಬುವ ಸಣ್ಣ ಕಸರತ್ತುಗಳು, ‘ಫಿಲ್’ ಅನ್ನುತ್ತಾರಲ್ಲ, ಅವು ಬೆರಳೆಣಿಕೆ. ತಾಂತ್ರಿಕ ಕಸರತ್ತು ಮೆಚ್ಚುವ ಡ್ರಮ್ಮರ್‌ಗಳು ಮೂಗು ಮುರಿಯುವುದುಂಟು, ನಾಲ್ಕು ನಿಮಿಷ ಹೀಗೆ ಅಲುಗಾಡದೆ ಬಾರಿಸಿ ನೋಡಲಿ. ಸ್ನೇರ್ ಕೂದಲೆಳೆಯಷ್ಟು ಹಿಂದೆ ಬೀಳುವಂತೆ ಕೇಳುತ್ತದೆ, ಹಾಡು ಮೈಭಾರ ಬಿಟ್ಟು ಕೂತಂತೆ ಅನ್ನಿಸುವುದು ಅದರಿಂದಲೇ. ಬೇಸ್ ನುಡಿಸುವ ಕ್ಲಿಫ್ ವಿಲಿಯಮ್ಸ್ ಕೂಡ ಮೂಲ ಸ್ವರ ಬಿಟ್ಟು ಹೆಚ್ಚು ಅಲೆಯುವುದಿಲ್ಲ. ಅವರು ಅಲೆದರೆ ಗಿಟಾರ್ ಬಿಟ್ಟುಕೊಟ್ಟ ಜಾಗವನ್ನು ಬೇಸ್ ತಿಂದುಹಾಕುತ್ತಿತ್ತು.

ಈಗ ಗಿಟಾರುಗಳ ವಿಷಯ. ಹೆಡ್‌ಫೋನ್ ಹಾಕಿ, ಒಂದು ಕಿವಿಯದ್ದು ತೆಗೆದು ಕೇಳಿ, ಆಮೇಲೆ ಇನ್ನೊಂದು ಕಿವಿಯದ್ದು. ಎರಡು ಬದಿಯಲ್ಲಿ ಎರಡು ಬೇರೆ ಮನುಷ್ಯರಿದ್ದಾರೆ. ಅಣ್ಣ ಮ್ಯಾಲ್ಕಮ್ ಯಂಗ್ ಕೈಯಲ್ಲಿ 1963ರ ಗ್ರೆಟ್ಶ್ ಗಿಟಾರ್. ಅದರಲ್ಲಿ ಬ್ರಿಜ್ ಬಳಿಯ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಒಂದನ್ನು ಬಿಟ್ಟು ಉಳಿದದ್ದನ್ನು ಅವರು ಕಿತ್ತು ಹಾಕಿದ್ದರು. ತಂತಿಗಳು 12ರಿಂದ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಶುರುವಾಗುವ ದಪ್ಪ ಸೆಟ್, ಮೂರನೇ ತಂತಿಯೂ ಸುರುಳಿ ಸುತ್ತಿದ್ದು. ಇಷ್ಟು ದಪ್ಪ ತಂತಿ ಬಲವಾಗಿ ಬಾರಿಸಿದಾಗಲೂ ಶ್ರುತಿ ಮೇಲಕ್ಕೆ ಜಾರಿಸುವುದಿಲ್ಲ, ಕಾರ್ಡ್ ಗಂಟೆಯ ಹಾಗೆ ಗಟ್ಟಿಯಾಗಿ ಕೇಳುತ್ತದೆ. ತಮ್ಮ ಆಂಗಸ್ ಕೈಯಲ್ಲಿ ಗಿಬ್ಸನ್ ಎಸ್‌ಜಿ, 9ರಿಂದ 42ರ ತೆಳು ತಂತಿಗಳು. ಸೋಲೋದಲ್ಲಿ ಎಳೆಯಲು, ಅಗಲವಾಗಿ ಅಲುಗಿಸಲು ಅದೇ ಅನುಕೂಲ. ಇಬ್ಬರಿಗೂ ಮಾರ್ಷಲ್ ಆಂಪ್. ಒಂದೊಂದನ್ನೇ ಕೇಳಿದರೆ ಇಷ್ಟು ತೆಳುವೇ ಎಂದು ಅಚ್ಚರಿಯಾಗಬಹುದು. ಎರಡೂ ಸೇರಿದಾಗಲೇ ಆ ದಪ್ಪ ಬರುವುದು. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಇಲ್ಲೊಂದು ಪಾಠ: ಒಂದೇ ಟ್ರ್ಯಾಕನ್ನು ಕಾಪಿ ಮಾಡಿ ಎಡಕ್ಕೂ ಬಲಕ್ಕೂ ಹಾಕಿದರೆ ಅಗಲ ಬರುವುದಿಲ್ಲ, ನಡುವೆ ಇನ್ನಷ್ಟು ಜೋರಾಗುತ್ತದೆ ಅಷ್ಟೇ. ಎರಡು ಸಲ ನುಡಿಸಬೇಕು, ಆದರೆ ಬೇರೆ ಗಿಟಾರ್‌ನಲ್ಲಿ, ಇಲ್ಲವೇ ಬೇರೆ ಪಿಕಪ್‌ನಲ್ಲಿ.

ಆಂಗಸ್ ಸದ್ದಿನಲ್ಲಿ ಇನ್ನೊಂದು ಗುಟ್ಟಿದೆ, ಗಿಟಾರ್ ಮಂದಿ ಬಹಳ ಕಾಲ ತಲೆಕೆಡಿಸಿಕೊಂಡದ್ದು. ವೇದಿಕೆ ತುಂಬ ಓಡಾಡಲೆಂದು ಅವರು ಬಳಸುತ್ತಿದ್ದ ಶಾಫರ್-ವೇಗಾ ವೈರ್‌ಲೆಸ್ ಪೆಟ್ಟಿಗೆಯನ್ನು ಸ್ಟುಡಿಯೋದಲ್ಲೂ ಗಿಟಾರಿಗೂ ಆಂಪಿಗೂ ನಡುವೆ ಇಟ್ಟುಕೊಂಡಿದ್ದರು. ಆ ಪೆಟ್ಟಿಗೆ ಕಳಿಸುವಾಗ ಸಿಗ್ನಲ್ ಅದುಮಿ, ಬರಮಾಡಿಕೊಳ್ಳುವಾಗ ಮತ್ತೆ ಹಿಗ್ಗಿಸುತ್ತದೆ, ಜೊತೆಗೆ ಆಂಪಿನ ಮುಂಭಾಗವನ್ನು ಒಂದಿಷ್ಟು ಹೆಚ್ಚು ದೂಡುತ್ತದೆ. ಪೆಡಲ್ ಇಲ್ಲದೆಯೂ ಸೋಲೋಗಳು ಚೂಪಾಗಿ ಮುಂದೆ ಬರುವುದಕ್ಕೆ ಇದೂ ಒಂದು ಕಾರಣ.

ಈ ಬಿಡುವುಗಳನ್ನೆಲ್ಲ ಕಾಪಾಡಿದವರು ನಿರ್ಮಾಪಕ ರಾಬರ್ಟ್ ಜಾನ್ ‘ಮಟ್’ ಲ್ಯಾಂಗ್ ಮತ್ತು ಎಂಜಿನಿಯರ್ ಟೋನಿ ಪ್ಲಾಟ್. ರೆಕಾರ್ಡಿಂಗ್ ನಡೆದದ್ದು ಬಹಾಮಾಸ್‌ನ ನಸ್ಸೌ ಪಟ್ಟಣದ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ, ಮಿಕ್ಸಿಂಗ್ ನ್ಯೂಯಾರ್ಕಿನ ಎಲೆಕ್ಟ್ರಿಕ್ ಲೇಡಿಯಲ್ಲಿ. ಪ್ಲಾಟ್ ಸ್ನೇರ್ ಬಾರಿಸುತ್ತಾ ಕೋಣೆಯೆಲ್ಲ ಸುತ್ತಿ, ಸದ್ದು ದಪ್ಪಗೆ ಏಳುವ ಜಾಗ ಹುಡುಕಿ ಡ್ರಮ್ಸ್ ಅಲ್ಲಿ ಇಡಿಸಿದ್ದರು. ದುಬಾರಿ ಉಪಕರಣ ಯಾವುದೂ ಬೇಡದ ಉಪಾಯ, ಯಾರು ಬೇಕಾದರೂ ಮಾಡಬಹುದು. ಮೂಲೆಗೆ ಹತ್ತಿರವಾದಂತೆ ಕೆಳಸ್ವರ ಊದಿಕೊಳ್ಳುತ್ತದೆ, ಸಮಾನಾಂತರ ಬರಿಗೋಡೆಗಳ ನಡುವೆ ಸದ್ದು ಪಟಪಟ ಎಂದು ತಿರುಗಿ ಬರುತ್ತದೆ, ಒಂದೆರಡು ಹೆಜ್ಜೆಯಲ್ಲೇ ವ್ಯತ್ಯಾಸ ಕಿವಿಗೆ ಬೀಳುತ್ತದೆ. ಲ್ಯಾಂಗ್ ಕೈಚಳಕ ಹೆಚ್ಚು ಕಾಣುವುದು ಪಲ್ಲವಿಗಳಲ್ಲಿ. ಹಿಂದಿನ ಗುಂಪುದನಿಗಳು ಒರಟಾಗಿ ಕೇಳುತ್ತವೆ, ಆದರೆ ಶ್ರುತಿಯಲ್ಲಿ, ಲಯದಲ್ಲಿ ಕರಾರುವಾಕ್ಕು.

ಬ್ರಿಯಾನ್ ಜಾನ್ಸನ್ ದನಿ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಬಾನ್ ಸ್ಕಾಟ್ ಅವರಲ್ಲಿದ್ದ ತುಂಟತನ, ಕಣ್ಣು ಮಿಟುಕಿಸುವ ದನಿ ಇವರಲ್ಲಿಲ್ಲ, ಮೇಲಿನ ಸ್ಥಾಯಿಯ ಕಿರುಚು ಇದೆ. ಆದರೆ ಈ ಆಲ್ಬಮಿಗೆ ಅದೇ ಒದಗಿತು: ಗಿಟಾರುಗಳು ಮಧ್ಯದಲ್ಲಿ, ಡ್ರಮ್ಸ್ ಮತ್ತು ಬೇಸ್ ಕೆಳಗೆ, ಅವರ ದನಿ ಇವೆಲ್ಲಕ್ಕೂ ಮೇಲೆ ತನ್ನದೇ ಪಟ್ಟಿಯಲ್ಲಿ. ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ಅವರಂತೆ ಹಾಡಲು ಹೋಗುವವರು ಗಂಟಲು ಬಿಗಿಹಿಡಿದು ಒರಟುತನ ಹಿಂಡುತ್ತಾರೆ. ಮೊದಲು ಸ್ವರ ಸ್ವಚ್ಛವಾಗಿ ನಿಲ್ಲದೆ ಒರಟು ಸೇರಿಸಿದರೆ ಒಂದೇ ಹಾಡಿಗೆ ಗಂಟಲು ಕಟ್ಟುತ್ತದೆ.

ಸಾಹಿತ್ಯದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎಲ್‌ಪಿ ತಟ್ಟೆಯ ಮೊದಲ ಬದಿಯ ಕೊನೆಯ ಮೂರು ಹಾಡುಗಳ ದ್ವಂದ್ವಾರ್ಥ ಆಗಲೇ ಅಗ್ಗದ್ದಾಗಿತ್ತು, ಈಗ ಹಳಸಿಯೂ ಇದೆ. ಆಲ್ಬಮ್ ಉಳಿದಿರುವುದು ಅವುಗಳಿಂದಲ್ಲ, ಅವುಗಳನ್ನು ಹೊತ್ತುಕೊಂಡೇ.

ಹಾಡುಗಳ ಜೋಡಣೆ ಮಾತ್ರ ಜಾಣತನದ್ದು. ಮೊದಲಿಗೆ ‘ಹೆಲ್ಸ್ ಬೆಲ್ಸ್’, ಸುಮಾರು 107ರ ವೇಗ. ಗಂಟೆ, ಆಮೇಲೆ ಬಿಡಿ ಬಿಡಿ ಸ್ವರಗಳ ಗಿಟಾರ್, ಆಮೇಲೆ ಡ್ರಮ್ಸ್ ಒಂದೊಂದೇ ಭಾಗವಾಗಿ ಒಳಗೆ ಬರುತ್ತವೆ, ಗಾಯಕ ಬಾಯಿ ಬಿಡುವ ಹೊತ್ತಿಗೆ ಒಂದು ನಿಮಿಷ ದಾಟಿರುತ್ತದೆ. ಹೊಸ ಗಾಯಕನ ಮೊದಲ ಆಲ್ಬಮಿನಲ್ಲಿ ಅವನನ್ನು ಇಷ್ಟು ಹೊತ್ತು ಕಾಯಿಸುವುದಕ್ಕೆ ಧೈರ್ಯ ಬೇಕು. ಹಿಂದೆಯೇ 141ರ ‘ಶೂಟ್ ಟು ಥ್ರಿಲ್’. ಎರಡನೇ ಬದಿ ಶೀರ್ಷಿಕೆ ಹಾಡಿನ ನಿಧಾನದಿಂದ ಶುರುವಾಗಿ ‘ಯು ಶುಕ್ ಮಿ ಆಲ್ ನೈಟ್ ಲಾಂಗ್’ನ 127ಕ್ಕೆ ಜಿಗಿಯುತ್ತದೆ. ‘ಜಿ’, ‘ಸಿ’, ‘ಡಿ’ ಎಂಬ ಮೂರು ಕಾರ್ಡಿನಲ್ಲಿ ಹೆಚ್ಚುಕಡಿಮೆ ಮುಗಿಯುವ ಹಾಡು ಅದು. ‘ಶೇಕ್ ಎ ಲೆಗ್’ನಲ್ಲಿ ಆಲ್ಬಮ್ ಕೊಂಚ ಏದುಸಿರು ಬಿಡುತ್ತದೆ, ಅಲ್ಲಿ ಮಾತ್ರ ತುಂಬಿಸಿದ್ದು ಜಾಸ್ತಿ, ಬಿಟ್ಟದ್ದು ಕಡಿಮೆ.

‘ಹೆಲ್ಸ್ ಬೆಲ್ಸ್’ ಗಂಟೆ ಎರಕ ಹೊಯ್ದದ್ದು ಇಂಗ್ಲೆಂಡಿನ ಲಫ್‌ಬರೋದ ಜಾನ್ ಟೇಲರ್ ಕಾರ್ಖಾನೆಯಲ್ಲಿ. ಮೊದಲು ಅದೇ ಊರಿನ ಗಂಟೆಗೋಪುರದಲ್ಲಿ ರೆಕಾರ್ಡ್ ಮಾಡಲು ಹೋದರೆ, ಗಂಟೆ ಬಾರಿಸಿದಾಗಲೆಲ್ಲ ಹಕ್ಕಿಗಳು ಪಟಪಟನೆ ಹಾರಿ ಟೇಪು ಹಾಳಾಯಿತು. ಕೊನೆಗೆ ಕಾರ್ಖಾನೆಗೇ ಸಂಚಾರಿ ಸ್ಟುಡಿಯೋ ಒಯ್ದು ಮುಗಿಸಿದರು.

ಕೇಳುವುದು ಯಾವುದರಲ್ಲಿ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಎಸಿ/ಡಿಸಿ ಡಿಜಿಟಲ್ ಮಾರಾಟಕ್ಕೆ ಬಹಳ ಕಾಲ ಒಪ್ಪಲಿಲ್ಲ. ಐಟ್ಯೂನ್ಸ್‌ಗೆ ಬಂದದ್ದು 2012ರಲ್ಲಿ, ಸ್ಟ್ರೀಮಿಂಗ್‌ಗೆ 2015ರಲ್ಲಿ. 2003ರ ರೀಮಾಸ್ಟರ್ (ಮತ್ತೆ ಹದಗೊಳಿಸಿದ ಆವೃತ್ತಿ) ಹಳೆಯ ಸಿಡಿಗಿಂತ ಜೋರು, ಹೋಲಿಸುವಾಗ ಮೋಸ ಹೋಗುವುದು ಇಲ್ಲಿಯೇ. ಜೋರಾದದ್ದು ಯಾವಾಗಲೂ ಚೆಂದ ಕೇಳುತ್ತದೆ. ಎರಡರ ವಾಲ್ಯೂಮ್ ಸಮ ಮಾಡಿ, ಸ್ನೇರ್ ಏಟಿನ ಮೊನೆ ಯಾವುದರಲ್ಲಿ ಹೆಚ್ಚು ಎದ್ದು ಕೇಳುತ್ತದೆ ನೋಡಿ. ಫೋನಿನಲ್ಲಾದರೆ ಬಾಸ್ ಬೂಸ್ಟ್ ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ಕಿಕ್ ಮತ್ತು ಬೇಸಿನ ಬಾಲ ಉದ್ದವಾಗಿ ಬಿಡುವಿನೊಳಗೆ ಚೆಲ್ಲುತ್ತದೆ.

ಬಳಸಿದ ಎಲ್‌ಪಿ ಕೊಳ್ಳುವವರು ಹೊದಿಕೆಗೆ ಮರುಳಾಗಬೇಡಿ. ಪೂರ್ತಿ ಕಪ್ಪಾದ್ದರಿಂದ ಅಂಚಿನ ಸವೆತ, ಉಂಗುರದ ಗುರುತು ಬೇರೆ ಆಲ್ಬಮ್‌ಗಳಿಗಿಂತ ಬೇಗ ಕಾಣುತ್ತವೆ, ಒಳಗಿನ ತಟ್ಟೆ ಚೆನ್ನಾಗಿಯೇ ಇರಬಹುದು. ಒಂದೊಂದು ಬದಿ 20ರಿಂದ 22 ನಿಮಿಷ, ಅಷ್ಟರಲ್ಲಿ ಮುಳ್ಳು ಓಡುವ ಗೀರುಗಳ ನಡುವೆ ಜಾಗ ಸಾಕಷ್ಟಿದೆ. ಆದರೆ ತಟ್ಟೆಯ ಒಳಸುತ್ತಿಗೆ ಹೋದಂತೆ ಒಂದೊಂದು ಸುತ್ತಿಗೂ ಸಿಗುವ ಗೀರಿನ ಉದ್ದ ಕಡಿಮೆ, ಸವೆದ ಮುಳ್ಳಿನಿಂದ ನುಡಿಸಿದ್ದರೆ ಹಾನಿ ಮೊದಲು ಕೇಳುವುದು ಅಲ್ಲಿ. ಆದ್ದರಿಂದ ಎರಡನೇ ಬದಿಯ ಕೊನೆಯ ಹಾಡು ‘ರಾಕ್ ಆ್ಯಂಡ್ ರೋಲ್ ಏಂಟ್ ನಾಯ್ಸ್ ಪೊಲ್ಯೂಶನ್’ ಮೊದಲು ಹಾಕಿಸಿ ಕೇಳಿ. ಶುರುವಿನಲ್ಲಿ ಜಾನ್ಸನ್ ಸಿಗರೇಟು ಹೊತ್ತಿಸಿ ದಮ್ಮು ಎಳೆಯುವುದು ಕೇಳುತ್ತದೆ. ಆ ಉಸಿರು ಚಟಚಟ ಸದ್ದಿನಲ್ಲಿ ಮುಚ್ಚಿಹೋಗಿದ್ದರೆ ಆ ತಟ್ಟೆ ಬೇಡ.