ಸ್ಟೆಪ್ನಿ ಪಕ್ಕ ನಿಲ್ಲಿಸಿದಾಗ ಗೊತ್ತಾಯ್ತು

ಮುಂದಿನ ಎಡ ಚಕ್ರ ಗುಂಡಿಗೆ ಬಿದ್ದಾಗ ಬಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ‘ಧಡ್’ ಅಲ್ಲ, ‘ಟಣ್’. ರಬ್ಬರಿಗೆ ಬಿದ್ದ ಪೆಟ್ಟಿನ ಸದ್ದೇ ಬೇರೆ, ಲೋಹಕ್ಕೆ ಬಿದ್ದ ಪೆಟ್ಟಿನ ಸದ್ದೇ ಬೇರೆ. ಕಾರು ಪಕ್ಕಕ್ಕೆ ಹಾಕಿ ಇಳಿದು ನೋಡಿದೆ. ಹೊರಗಿನಿಂದ ಏನೂ ಆಗಿರಲಿಲ್ಲ. ಹೊಸ ಅಲಾಯ್ ವೀಲ್ ಫಳಫಳ ಅಂತಲೇ ಇತ್ತು. ಗಾಳಿ ಮಾತ್ರ ಸುಯ್ ಅಂತ ಇಳಿಯುತ್ತಿತ್ತು. ಚಕ್ರ ಬಿಚ್ಚಿ ಮಗುಚಿ ಹಾಕಿದಾಗ ಕಂಡಿತು: ರಿಮ್ಮಿನ ಒಳ ಅಂಚು ಎರಡು ಬೆರಳಗಲ ಮಡಚಿಕೊಂಡಿತ್ತು. ಅದರ ನೇರಕ್ಕೇ ಟೈರಿನ ಪಕ್ಕೆಯಲ್ಲಿ ಉಗುರಿನಷ್ಟು ಉದ್ದದ ಸೀಳು.

ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಕಂಪನಿ ಕೊಟ್ಟಿದ್ದೇ. ಕಬ್ಬಿಣದ ರಿಮ್, 185/65 ಆರ್15 ಟೈರು. ಅದನ್ನು ಇಳಿಸಿ, ಬಿಚ್ಚಿದ ಚಕ್ರದ ಪಕ್ಕ ಬಂಪರಿಗೆ ಒರಗಿಸಿ ನಿಲ್ಲಿಸಿದೆ. ಎರಡನ್ನೂ ನೋಡಿ ಒಂದು ನಿಮಿಷ ಹಾಗೇ ನಿಂತುಬಿಟ್ಟೆ. 15 ಇಂಚಿನ ಸ್ಟೆಪ್ನಿ ನನ್ನ 16 ಇಂಚಿನ ‘ದೊಡ್ಡ’ ಚಕ್ರಕ್ಕಿಂತ ಎತ್ತರವಾಗಿತ್ತು! ಒಂದು ಚೂರಲ್ಲ, ಬೆರಳಿಟ್ಟು ನೋಡಿದರೆ ಹತ್ತಿರ ಹತ್ತಿರ 3 ಸೆಂಟಿಮೀಟರ್.

ದೊಡ್ಡ ಚಕ್ರ ಹಾಕಿಸಿದ್ದೇನೆ ಅಂದುಕೊಂಡು ಮೂರು ತಿಂಗಳು ಓಡಾಡಿದ್ದೆ. ಹಾಕಿಸಿದ್ದು ಸಣ್ಣದು.

ತಪ್ಪು ಎಲ್ಲಾಯಿತು ಅಂದರೆ, ಟೈರಿನ ಮೇಲಿನ ಎರಡನೇ ಅಂಕಿಯನ್ನು ನಾನು ಅಳತೆ ಅಂದುಕೊಂಡಿದ್ದೆ. ಅದು ಅಳತೆಯಲ್ಲ, ಶೇಕಡಾ ಲೆಕ್ಕ. 185/65 ಅಂದರೆ ಟೈರಿನ ಅಗಲ 185 ಮಿಲಿಮೀಟರ್, ಪಕ್ಕೆಯ ಎತ್ತರ ಅದರಲ್ಲಿ ಶೇ 65, ಅಂದರೆ ಸುಮಾರು 120 ಮಿಲಿಮೀಟರ್. ಈ ಎತ್ತರ ರಿಮ್ಮಿನ ಮೇಲೂ ಬರುತ್ತೆ, ಕೆಳಗೂ ಬರುತ್ತೆ. ಹಾಗಾಗಿ ಎರಡು ಸಲ ಕೂಡಿಸಬೇಕು. ಆರ್15ರಲ್ಲಿರುವ 15 ರಿಮ್ಮಿನ ಎತ್ತರ, ಇಂಚಿನಲ್ಲಿ. 15 ಇಂಚು ಅಂದರೆ 381 ಮಿಲಿಮೀಟರ್. ಎಲ್ಲ ಸೇರಿ ಚಕ್ರದ ಒಟ್ಟು ಎತ್ತರ 621.

ನಾನು ಹಾಕಿಸಿದ್ದು 205/45 ಆರ್16. 205ರಲ್ಲಿ ಶೇ 45 ಅಂದರೆ 92. ಎರಡು ಸಲ 92, ಅದಕ್ಕೆ 16 ಇಂಚಿನ 406 ಸೇರಿಸಿ. 591 ಕೂಡ ಮುಟ್ಟಲ್ಲ. ಹಳೆಯದಕ್ಕಿಂತ ಶೇ 5ರಷ್ಟು ಕಡಿಮೆ. ಐದನೇ ಕ್ಲಾಸಿನ ಗಣಿತ, ಅಷ್ಟೇ. ಮಾಡಿರಲಿಲ್ಲ. ಪಕ್ಕೆ ತೆಳ್ಳಗಿದ್ದರೆ ಕಾರು ಚೆನ್ನಾಗಿ ಕಾಣುತ್ತೆ ಅಂತ ಅಂಗಡಿಯವರು ಅಂದರು. ನೋಡಿದೆ, ಕಾಣುತ್ತಿತ್ತು. ಹೂಂ ಅಂದೆ.

ಈ ಮೂರು ತಿಂಗಳಲ್ಲಿ ನಾನು ಏನೇನು ಹೇಳಿಕೊಂಡು ತಿರುಗಿದ್ದೆ ಅಂತ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತೆ. ಮೊದಲನೆಯದು, ‘ಅಲಾಯ್ ಹಾಕಿಸಿದ ಮೇಲೆ ಪಿಕಪ್ ಎಷ್ಟು ಚೆನ್ನಾಗಿದೆ ಗೊತ್ತಾ’. ಚೆನ್ನಾಗೇ ಇತ್ತು. ಚಕ್ರ ಚಿಕ್ಕದಾದರೆ ಗೇರ್ ಸ್ವಲ್ಪ ತಗ್ಗಿಸಿದ ಹಾಗೆ ಆಗುತ್ತೆ. ಎಂಜಿನ್ ಅಷ್ಟೇ ತಿರುಗಿದರೂ ಕಾರು ಹೋಗುವ ದೂರ ಕಮ್ಮಿ. ಅದಕ್ಕೇ ಶುರುವಿನಲ್ಲಿ ಚುರುಕು, ಹೆದ್ದಾರಿಯಲ್ಲಿ ಸುಮ್ನೆ ಗೊರಗೊರ.

ಎರಡನೆಯದು ಮೈಲೇಜ್. ಮೊದಲು ಲೀಟರಿಗೆ 19 ಕಿಲೋಮೀಟರ್ ಬರುತ್ತಿತ್ತು. ಅಲಾಯ್ ಹಾಕಿಸಿದ ಮೇಲೆ 20! ಸಿಕ್ಕಿದವರಿಗೆಲ್ಲ ಹೇಳಿದ್ದೆ. ನಿಜ ಏನಪ್ಪಾ ಅಂದರೆ ಕಾರಿಗೆ ರಸ್ತೆ ಕಾಣಲ್ಲ, ಚಕ್ರ ಎಷ್ಟು ಸುತ್ತು ಸುತ್ತಿತು ಅನ್ನುವುದಷ್ಟೇ ಗೊತ್ತು. ಚಕ್ರ ಚಿಕ್ಕದಾದರೆ ಅದೇ ದೂರಕ್ಕೆ ಸುತ್ತು ಜಾಸ್ತಿ. ಮೀಟರ್ 1000 ಕಿಲೋಮೀಟರ್ ತೋರಿಸಿದಾಗ ನಾನು ಹೋಗಿದ್ದು 950ರ ಆಸುಪಾಸು. ಸ್ಪೀಡೋಮೀಟರ್ ಕೂಡ ಹಾಗೆಯೇ. ಅದು ಮೊದಲೇ ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇರುತ್ತೆ, ಯಾಕೆಂದರೆ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅಂತ ವಿಶ್ವಸಂಸ್ಥೆಯ ವಾಹನ ನಿಯಮವೇ ಇದೆ. ಆ ಜಾಸ್ತಿಯ ಮೇಲೆ ನಂದು ಇನ್ನೊಂದು ಶೇ 5. ಫೋನಿನ ಜಿಪಿಎಸ್ ಕಡಿಮೆ ವೇಗ ತೋರಿಸಿದಾಗಲೆಲ್ಲ ಫೋನಿಗೇ ಬೈದಿದ್ದೆ.

ಇದರ ಉಲ್ಟಾ ಇನ್ನೂ ಅಪಾಯ. ಚಕ್ರ ತೀರಾ ದೊಡ್ಡದಾದರೆ ಮೀಟರ್ 80 ತೋರಿಸುವಾಗ ನೀವು ಅದಕ್ಕಿಂತ ಜೋರಾಗಿ ಹೋಗುತ್ತಿರಬಹುದು.

ಇನ್ನು ಗುಂಡಿಯ ವಿಷಯ. ರಿಮ್ಮಿಗೂ ರಸ್ತೆಗೂ ನಡುವೆ ಇರುವುದು ಟೈರಿನ ಪಕ್ಕೆ, ಅದರೊಳಗಿನ ಗಾಳಿ, ಅಷ್ಟೇ. ಗುಂಡಿಯ ಅಂಚಿಗೆ ಹೊಡೆದಾಗ ಪಕ್ಕೆ ಕುಗ್ಗಿ ಪೆಟ್ಟು ತಿನ್ನಬೇಕು. ಕುಗ್ಗಲು ಜಾಗವೇ ಇಲ್ಲದಿದ್ದರೆ ರಬ್ಬರ್ ಅತ್ತ ಕಲ್ಲು, ಇತ್ತ ರಿಮ್ ನಡುವೆ ಸಿಕ್ಕಿ ಜಜ್ಜಿಹೋಗುತ್ತೆ. ಕಂಪನಿ ಕೊಟ್ಟಿದ್ದ ಪಕ್ಕೆ 120 ಮಿಲಿಮೀಟರ್, ನಂದು 92. 28 ಮಿಲಿಮೀಟರ್ ಮೆತ್ತೆಯನ್ನು ಚೆಂದಕ್ಕೋಸ್ಕರ ಕಿತ್ತು ಹಾಕಿದ್ದೆ. ಸಾಲದ್ದಕ್ಕೆ ಕಾರು ಒಂದೂವರೆ ಸೆಂಟಿಮೀಟರ್ ಕೆಳಗಿಳಿದಿತ್ತು. ಹಂಪ್ ದಾಟುವಾಗ ಹೊಟ್ಟೆ ಉಜ್ಜುವುದಕ್ಕೆ ಹಿಂದೆ ಕೂತವರ ತೂಕ ಕಾರಣ ಅಂತ ಅಮ್ಮನಿಗೆ ತಮಾಷೆ ಮಾಡಿದ್ದೆ. ಅದಕ್ಕೂ ಕ್ಷಮೆ ಕೇಳಿದ್ದಾಯಿತು.

ಎರಡನೇ ಸಲ ಕಾಗದ ಪೆನ್ನು ಹಿಡಿದು ಕೂತೆ. ಬೆಂಡಾದ ರಿಮ್ಮಿನ ಬದಲು ಅದೇ ಅಳತೆಯ ಇನ್ನೊಂದು ಸಿಕ್ಕಿತು, ಹಾಗಾಗಿ 16 ಇಂಚು ಉಳಿಸಿಕೊಂಡೆ. ಒಟ್ಟು ಎತ್ತರ 621ರ ಹತ್ತಿರ ಬರಬೇಕು. ವ್ಯತ್ಯಾಸ ಶೇ 3 ದಾಟಬಾರದು ಅನ್ನುವುದು ಈ ಕೆಲಸ ಮಾಡುವವರ ಸಾಮಾನ್ಯ ಲೆಕ್ಕ. ನಾನು 2ರೊಳಗೇ ಇರಲಿ ಅಂದುಕೊಂಡೆ. 205/55 ಆರ್16 ಲೆಕ್ಕ ಹಾಕಿದರೆ 632, ಶೇ 2ಕ್ಕೆ ಚೂರು ಕಡಿಮೆ. ಲೆಕ್ಕಕ್ಕೆ ಪಾಸು. ಆದರೆ ನಮ್ಮಂಥ ಸಣ್ಣ ಎಂಜಿನ್ನಿಗೆ ಅಗಲವೂ ಜಾಸ್ತಿ, ಎತ್ತರವೂ ಜಾಸ್ತಿ. 195/60 ಆರ್16 ಅಂದರೆ 640, ಅದು ಶೇ 3ರ ಗೆರೆಯ ಮೇಲೆಯೇ ಕೂರುತ್ತೆ. 195/55 ಆರ್16 ಹಾಕಿ ನೋಡಿದೆ: 621. ಒಂದು ಮಿಲಿಮೀಟರೂ ಆಚೀಚೆ ಇಲ್ಲ. ಪಕ್ಕೆ 107. ಮೊದಲಿನ 120 ಅಲ್ಲ, ಆದರೂ 92ಕ್ಕಿಂತ ಎಷ್ಟೋ ವಾಸಿ. ಅಗಲ ಹೆಚ್ಚಿದರೆ ಶೇಕಡಾ ಇಳಿಯಬೇಕು, ರಿಮ್ ಹೆಚ್ಚಿದರೂ ಇಳಿಯಬೇಕು. ಎಷ್ಟು ಇಳಿಯಬೇಕು ಅಂತ ಕಣ್ಣಳತೆಯಲ್ಲಿ ಗೊತ್ತಾಗಲ್ಲ, ಅಲ್ವಾ? ಅಲ್ಲೇ ನಾನು ಜಾರಿದ್ದು.

ತೂಕದ ಅಂಕಿ ಅಂತ ಇನ್ನೊಂದಿದೆ, ಯಾರೂ ನೋಡಲ್ಲ. ಹಳೇ ಟೈರಿನ ಅಳತೆಯ ಮುಂದೆ 88ಎಚ್ ಅಂತಿತ್ತು. 88 ಅಂದರೆ ಒಂದು ಟೈರು 560 ಕೆಜಿ ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ. ಮೊದಲು ತೋರಿಸಿದ 195/55ರಲ್ಲಿ 87 ಇತ್ತು, 545 ಕೆಜಿ. 15 ಕೆಜಿ ತಾನೇ ಅನ್ನಬಹುದು. ಆದರೆ ಕಂಪನಿ ಕೊಟ್ಟ ಅಂಕಿಗಿಂತ ಕೆಳಗೆ ಇಳಿಯಬಾರದು ಅನ್ನುವುದು ನಿಯಮ. ಹುಡುಕಿದರೆ ಅದೇ ಅಳತೆಯಲ್ಲಿ 91 ಎಕ್ಸ್‌ಎಲ್ (ಹೆಚ್ಚು ತೂಕ ಹೊರಲೆಂದೇ ಮಾಡಿದ ಬಗೆ) ಸಿಕ್ಕಿತು, 615 ಕೆಜಿಯದು. ಎಕ್ಸ್‌ಎಲ್ ಟೈರು ಪೂರ್ತಿ ತೂಕ ಹೊರಬೇಕಾದರೆ ಗಾಳಿಯೂ ಜಾಸ್ತಿ ಬೇಕು. ಬಾಗಿಲ ಕಂಬದ ಮೇಲಿನ ಸ್ಟಿಕ್ಕರಿಗಿಂತ ನಾನು 2 ಪಿಎಸ್‌ಐ ಜಾಸ್ತಿ ಇಡುತ್ತೇನೆ.

ರಿಮ್ಮಿನ ಅಗಲ, ಆಫ್‌ಸೆಟ್ (ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕೆ ಎಷ್ಟು ಮಿಲಿಮೀಟರ್ ಅನ್ನುವುದು), ನಡುವಿನ ತೂತು ಎಲ್ಲ ಹೊಂದಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತು. ನನ್ನ ಹಳೇ ರಿಮ್ 6 ಇಂಚು ಅಗಲ, ಆಫ್‌ಸೆಟ್ 45. ಹೊಸದು ಆರೂವರೆ, 38. ಅಷ್ಟಕ್ಕೇ ರಿಮ್ಮಿನ ಹೊರ ಅಂಚು 13 ಮಿಲಿಮೀಟರ್ ಆಚೆ ಬಂತು. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಹಿಂದೆ ಮೂವರನ್ನು ಕೂರಿಸಿ, ಎಲ್ಲೂ ತಾಗಲ್ಲ ಅಂತ ನೋಡಿಕೊಂಡ ಮೇಲೇ ಹೊರಟೆ. ಹಾಂ, ಇನ್ನೊಂದು. ಅಲಾಯ್ ಅಂದರೆ ಹಗುರ ಅನ್ನುವ ಮಾತನ್ನು ಹಾಗೇ ನಂಬಬೇಡಿ. ಟೈರ್ ಸಮೇತ ತೂಕದ ಮೆಷಿನ್ ಮೇಲೆ ಇಟ್ಟರೆ ನಂದು ಹಳೇ ಕಬ್ಬಿಣದ ಚಕ್ರಕ್ಕಿಂತ ಒಂದೂವರೆ ಕೆಜಿ ಜಾಸ್ತಿ ಇತ್ತು. ಅಲಾಯ್‌ಗೆ ಬೇರೆ ನಟ್ ಬಂದಿದ್ದರೆ ಸ್ಟೆಪ್ನಿಯ ಹಳೇ ನಟ್ ಡಿಕ್ಕಿಯಲ್ಲೇ ಇಟ್ಟುಕೊಳ್ಳಿ. ಆ ದಿನ ನನ್ನ ಬಳಿ ಇದ್ದದ್ದು ಅದೃಷ್ಟ.

ಮತ್ತೆ ಮೊದಲಿನಿಂದ ಶುರು ಮಾಡು ಅಂದರೆ 16 ಇಂಚಿಗೆ ಹೋಗುತ್ತಲೇ ಇರಲಿಲ್ಲ. ಚೆಂದದ 15 ಇಂಚಿನ ಅಲಾಯ್ ತಗೊಂಡು ಅದೇ 185/65 ಹಾಕಿಸುತ್ತಿದ್ದೆ. ತೀರಾ ಆಸೆಯಾದರೆ 195/60. ಅದು 615 ಬರುತ್ತೆ, ಶೇ 1 ಮಾತ್ರ ಕಡಿಮೆ. ತಮ್ಮನಿಗೆ ಇದನ್ನೇ ಹೇಳಿದೆ. ಅವನು 17 ಇಂಚಿನ ಫೋಟೋ ತೋರಿಸಿ ‘ಅಣ್ಣ, ಇದು ಹೇಗಿದೆ?’ ಅಂದ. 205/45 ಆರ್17 ಲೆಕ್ಕಕ್ಕೆ 616, ಸರಿಯಾಗೇ ಇದೆ, ಆದರೆ ಪಕ್ಕೆ ಅದೇ 92. ಬೆಂಡಾದ ರಿಮ್ ತಂದು ಅವನ ಮುಂದೆ ಇಟ್ಟೆ.

ಹೊಸ ಟೈರು ಹಾಕಿಸಿದ ದಿನವೇ ಸ್ಟೆಪ್ನಿ ಇಳಿಸಿ ಪಕ್ಕದಲ್ಲಿ ನಿಲ್ಲಿಸಿದೆ. ಎರಡರ ತಲೆಯ ಮೇಲೂ ಒಂದು ಸ್ಕೇಲ್ ಇಟ್ಟು, ಬಗ್ಗಿ ನೋಡಿದೆ. ನೇರ ಇತ್ತು. ಹಂಪಿನ ಮೇಲೆ ಹೊಟ್ಟೆ ಉಜ್ಜುವುದು ನಿಂತಿದೆ. ಜಿಪಿಎಸ್ಸಿಗೂ ಮೀಟರಿಗೂ ಜಗಳ ಕಡಿಮೆಯಾಗಿದೆ. ಮೈಲೇಜ್ ಮಾತ್ರ ಮತ್ತೆ 19ಕ್ಕೆ ಬಂದಿದೆ. ಆ ಸುದ್ದಿ ಇನ್ನೂ ಯಾರಿಗೂ ಹೇಳಿಲ್ಲ.